ಕಾವಲೂ ಕಿಂಡಿಯೂ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ, ಅಶೋಕನ ಶಾಸನವಿರುವ ಬಂಡೆಯಿಂದ ಕೂಗಳತೆ ದೂರದಲ್ಲಿ ನಾವು ಮೂವರು ಕೂತಿದ್ದೆವು. ಒಬ್ಬರು ಈ ಸೀಮೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಅವರ ಶಿಷ್ಯೆ. ಚಳ್ಳಕೆರೆ ತಾಲ್ಲೂಕಿನ ದೊಡ್ಡ ಉಳ್ಳಾರ್ತಿ ಕಡೆಯ ಕುರಿಗಾರರ ಮನೆಯ ಮಗಳು. ಈಗ ಸಿಐಎಸ್‌ಎಫ್ ಸೇರಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಹೆಂಗಸರನ್ನು ತಪಾಸಣೆ ಮಾಡುವ ಪರದೆಯೊಳಗೆ ನಿಲ್ಲುತ್ತಾಳೆ. ಗೌರಸಮುದ್ರದ ಮಾರಮ್ಮನ ಜಾತ್ರೆಗೆಂದು ರಜೆ ಹಾಕಿ ಊರಿಗೆ ಬಂದವಳು ಮೇಷ್ಟ್ರನ್ನು ನೋಡಬೇಕೆಂದು ಇಲ್ಲಿಯವರೆಗೂ ಬಂದಿದ್ದಳು. ಮೂರನೆಯವನು ನಾನು. ಆಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಶುರುವಾದದ್ದು ಒಂದು ಚೀಲದಿಂದ. ಏರು ಹತ್ತುವಾಗ ಅವಳು ಮೇಷ್ಟ್ರ ಕೈಯಿಂದ ಬುತ್ತಿ ಚೀಲ ಇಸಿದುಕೊಂಡಳು. ಕೂತು ಬೆವರು ಒರೆಸಿಕೊಂಡ ಮೇಲೆ ಮೇಷ್ಟ್ರು ಆ ಮಾತೆತ್ತಿದರು.

ಮೇಷ್ಟ್ರು: ನೀನು ಚೀಲ ಇಸ್ಕೊಂಡ ರೀತಿ ನೋಡಿದೆ ಕಣಮ್ಮ. ಹಿಡಿ ಹಿಡಿಯೋದಕ್ಕೆ ಮೊದಲು ತಳ ಸವರಿದೆ.

ಶಿಷ್ಯೆ: ಗೊತ್ತಾಗ್ಲಿಲ್ಲ ಮೇಷ್ಟ್ರೇ, ಕೈಗೆ ಅಭ್ಯಾಸ ಆಗಿಬಿಟ್ಟೈತೆ. ಜಾತ್ರೆಯಲ್ಲೂ ಹಂಗೇ ಆಯ್ತು. ಅಷ್ಟು ಜನ ಸೇರಿದ್ರು, ಒಂದು ಬಾಗಿಲಿಲ್ಲ, ಒಂದು ಯಂತ್ರ ಇಲ್ಲ. ಅವ್ವ ತೇರಿಗೆ ಕೈ ಮುಗೀತಿದ್ಲು. ನಾನು ಎಲ್ಲಾದ್ರೂ ಯಾರೂ ಇಲ್ಲದ ಚೀಲ ಬಿದ್ದೈತಾ ಅಂತ ನೆಲ ನೋಡ್ತಿದ್ದೆ. ದೇವರ ಮುಖ ನೋಡಿದ ನೆನಪೇ ಇಲ್ಲ.

ಮೇಷ್ಟ್ರು: ನನಗೆ ಸಂಕಟ ಆಗೋದು ಅಲ್ಲೇ. ಡ್ಯೂಟಿ ಮುಗಿದ ಮೇಲೆ ಬಟ್ಟೆ ಕಳಚಿ ಗೂಟಕ್ಕೆ ಹಾಕ್ತೀಯ. ಭಯ ಮೈಮೇಲೇ ಉಳಿಯುತ್ತೆ.

ಶಿಷ್ಯೆ: ಅದನ್ನ ಭಯ ಅನ್ನಬೇಡಿ, ಎಚ್ಚರ ಅನ್ನಿ. ಕುರಿ ಮಂದೆ ಹತ್ತಿರ ರಾತ್ರಿ ಮಲಗೋ ನಮ್ಮಪ್ಪ ತೋಳಕ್ಕೆ ಹೆದರಿ ಎದ್ದು ಕೂತಿರ್ತಿದ್ನಾ? ಇಲ್ಲ. ಅದು ಅವನ ಕೆಲಸ.

ಮೇಷ್ಟ್ರು: ನಿಮ್ಮಪ್ಪ ತೋಳ ಬರುತ್ತೆ ಅಂತ ಕುರಿಗಳನ್ನೇ ದಿನಾ ಎತ್ತಿ ಎತ್ತಿ ನೋಡ್ತಿರಲಿಲ್ಲವಲ್ಲ. ನೀವು ನೋಡ್ತೀರಿ. ನಿಮ್ಮ ಸಾಲಿನಲ್ಲಿ ಕುರಿನೂ ತೋಳನೂ ಒಂದೇ ಬಟ್ಟೆ ಹಾಕ್ಕೊಂಡು ಬರುತ್ತೆ ಅಂತ ನಂಬಿದ್ದೀರಿ.

ಶಿಷ್ಯೆ: ಬಂದೈತೆ ಮೇಷ್ಟ್ರೇ, ಅದಕ್ಕೇ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಹತ್ತಿರ ಸಮುದ್ರಕ್ಕೆ ಬಿತ್ತು. 329 ಜನ. ಬಾಂಬಿದ್ದ ಪೆಟ್ಟಿಗೆ ಹತ್ತಿತ್ತು, ಪೆಟ್ಟಿಗೆ ಕೊಟ್ಟವನು ಹತ್ತಿರಲಿಲ್ಲ. ಅವತ್ತು ಟೊರಾಂಟೊದಲ್ಲಿ ಎಕ್ಸ್‌ರೇ ಯಂತ್ರ ಕೆಟ್ಟು ನಿಂತಿತ್ತು. ಈಗ ಪ್ರಯಾಣಿಕ ಬರಲಿಲ್ಲ ಅಂದ್ರೆ ಅವನ ಪೆಟ್ಟಿಗೆ ಇಳಿಸಿಯೇ ವಿಮಾನ ಬಿಡೋದು. ಅದಕ್ಕೆ ಅರ್ಧ ಗಂಟೆ ತಡ ಆದ್ರೆ ಜನ ಬೈತಾರೆ. ಆ ಅರ್ಧ ಗಂಟೆಗೆ ಯಾರು ಬೆಲೆ ಕಟ್ಟಿದಾರೆ ಅನ್ನೋದು ಅವರಿಗೆ ಗೊತ್ತಿಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ಕೆಳಗೆ ಹೊಲಗಳಲ್ಲಿ ಶೇಂಗಾ ಗಿಡ ಹಸುರಾಗಿ ಹಬ್ಬಿತ್ತು. ಈ ಸೀಮೆಯಲ್ಲಿ ಮಳೆ ಅಪರೂಪದ ನೆಂಟ. ಆ ವರ್ಷ ಬಂದಿತ್ತು.

ಮೇಷ್ಟ್ರು: ಪೆಟ್ಟಿಗೆಯ ಮಾತು ಒಪ್ಪಿದೆ. ಅದರಲ್ಲಿ ಕಾರಣವಿದೆ, ಉಪಾಯವೂ ಇದೆ. ಎಲ್ಲವೂ ಹಾಗಿಲ್ಲವಲ್ಲ. 2001ರ ಡಿಸೆಂಬರಿನಲ್ಲಿ ಒಬ್ಬ ಬೂಟಿನೊಳಗೆ ಸಿಡಿಮದ್ದು ಇಟ್ಟುಕೊಂಡು ವಿಮಾನ ಹತ್ತಿದ, ಸಿಡಿಸೋಕೆ ಆಗಲಿಲ್ಲ. ಅಮೆರಿಕದಲ್ಲಿ ಮುದುಕರು ಮಕ್ಕಳೆಲ್ಲ ಬೂಟು ಬಿಚ್ಚಿ ಸಾಲಿನಲ್ಲಿ ನಿಂತರು. ಆ ನಿಯಮ ಎತ್ತಿದ್ದು 2025ರ ಜುಲೈನಲ್ಲಿ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವದ ಬಾಂಬಿನ ಸಂಚು ಸಿಕ್ಕಿತು. ಅದಾದ ಮೇಲೆ ನೂರು ಮಿಲಿಗಿಂತ ಹೆಚ್ಚಿನ ಬಾಟಲಿಗೆ ತಡೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋ ಗಾದೆ ನಮ್ಮ ಕಡೆಯದು. ಇಲ್ಲಿ ಆಗಿರೋದು ಅದಕ್ಕಿಂತ ಒಂದು ಕೈ ಮುಂದೆ. ಹಾಕಿದ ಬಾಗಿಲನ್ನ ಮತ್ತೆ ತೆಗೆಯೋಕೆ ಬೇಗ ಮುಂದೆ ಬರೋರು ಯಾರೂ ಇಲ್ಲ.

ಶಿಷ್ಯೆ: ಯಾಕಿಲ್ಲ ಅಂತ ನನ್ನ ಕೇಳಿ. ಒಳಗಿದ್ದು ನೋಡಿದವಳು ನಾನು. ನಾನು ಹತ್ತು ಸಾವಿರ ಜನರನ್ನ ಸುಮ್ಮನೆ ತಡೆದು ನಿಲ್ಲಿಸಿದ್ರೆ ನನ್ನ ಯಾರೂ ಕೇಳಲ್ಲ. ಒಬ್ಬನನ್ನ ಬಿಟ್ಟು, ಅವನು ಅಂಥವನೇ ಆಗಿದ್ರೆ, ನನ್ನ ಹೆಸರು, ನಮ್ಮಪ್ಪನ ಹೆಸರು, ಊರು ಎಲ್ಲಾ ಟಿವಿಯಲ್ಲಿ. ನನ್ನ ಮೇಲಿನವರಿಗೂ ಹಂಗೇ, ಅವರ ಮೇಲಿನವರಿಗೂ ಹಂಗೇ, ಮಂತ್ರಿಗೂ ಹಂಗೇ. ಹಂಗಿದ್ಮೇಲೆ ಒಂದು ನಿಯಮ ಕಮ್ಮಿ ಮಾಡ್ತೀನಿ ಅಂತ ಸಹಿ ಹಾಕೋನು ಯಾರು ಹೇಳಿ?

ಮೇಷ್ಟ್ರು: ನಾನು ಬರೆದು ಹೇಳಬೇಕೆಂದಿದ್ದನ್ನ ನೀನು ಒಂದೇ ಉಸಿರಿಗೆ ಹೇಳಿಬಿಟ್ಟೆ. ತಡೆದವನಿಗೆ ಲೆಕ್ಕವಿಲ್ಲ, ಬಿಟ್ಟವನಿಗೆ ಲೆಕ್ಕ. ಅಲ್ಲಿಂದಲೇ ಭಯ ರಾಜಕೀಯ ಆಗೋದು.

ಶಿಷ್ಯೆ: ನಾನು ದೂರು ಹೇಳಲಿಲ್ಲ. ಹಂಗಿರೋದು ಒಂದು ರೀತಿ ಒಳ್ಳೇದೇ ಅಂದೆ.

ಮೇಷ್ಟ್ರು: ಒಳ್ಳೆಯದಾ? ಮೂಡಿಗೆರೆಯ ಹುಡುಗನ ಕಥೆ ಗೊತ್ತಾ ನಿನಗೆ? ಮೊಹಮ್ಮದ್ ಹನೀಫ್. ಆಗ ನೀನು ಚಿಕ್ಕವಳು.

ಶಿಷ್ಯೆ: ಹೆಸರು ಕೇಳಿದೀನಿ. ಡಾಕ್ಟ್ರು ಅಲ್ವಾ?

ಮೇಷ್ಟ್ರು: ಡಾಕ್ಟರೇ. ಬೆಂಗಳೂರಿನಲ್ಲಿ ಓದಿ, ಇಂಗ್ಲೆಂಡಿನಲ್ಲಿದ್ದು, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಆಸ್ಪತ್ರೆ ಸೇರಿದ್ದ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯೋ ಜೀಪು ನುಗ್ಗಿಸಿದರಲ್ಲ, ಅದರಲ್ಲಿದ್ದ ಬೆಂಗಳೂರಿನ ಕಫೀಲ್ ಇವನಿಗೆ ದೂರದ ಸಂಬಂಧ. ಇವನು ಇಂಗ್ಲೆಂಡು ಬಿಡುವಾಗ ತನ್ನ ಮೊಬೈಲ್ ಸಿಮ್ಮನ್ನ ಕಫೀಲನ ತಮ್ಮನಿಗೆ ಕೊಟ್ಟು ಬಂದಿದ್ದ. ಜುಲೈ 2ರ ರಾತ್ರಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಬೆಂಗಳೂರಿನಲ್ಲಿ ಹೆಂಡತಿ ಹೆತ್ತು ಕೆಲವೇ ದಿನ ಆಗಿತ್ತು, ಕೂಸು ನೋಡೋಕೆ ಹೊರಟಿದ್ದ.

ಶಿಷ್ಯೆ: ಹೋಗೋ ಟಿಕೆಟ್ ಒಂದೇ ಇತ್ತಾ?

ಮೇಷ್ಟ್ರು: ನೋಡು, ನಿನ್ನ ಬಾಯಲ್ಲಿ ಮೊದಲು ಬಂದದ್ದೇ ಅದು. ಹೌದು, ಹೋಗೋ ಟಿಕೆಟ್ ಮಾತ್ರ.

ಶಿಷ್ಯೆ: ಕೇಳಬೇಕಾದ್ದೇ ಮೇಷ್ಟ್ರೇ. ಎರಡು ದಿನದ ಹಿಂದೆ ಹಂಗಾಗೈತೆ, ಅವನ ಸಿಮ್ಮು ಅವರ ಹತ್ರ ಐತೆ, ಬರೋ ಟಿಕೆಟ್ ಇಲ್ಲದೆ ದೇಶ ಬಿಡ್ತಿದಾನೆ. ನಾನು ಅಲ್ಲಿದ್ರೂ ತಡೀತಿದ್ದೆ.

ಮೇಷ್ಟ್ರು: ತಡೆದದ್ದಕ್ಕೆ ನಾನು ಜಗಳ ಆಡಲ್ಲ. ಆಮೇಲೆ ಕೇಳು. ಆರೋಪವೇ ಇಲ್ಲದೆ ಹನ್ನೆರಡು ದಿನ ಒಳಗಿಟ್ಟರು. ಸಿಮ್ಮು ಗ್ಲಾಸ್ಗೋದ ಜೀಪಿನಲ್ಲೇ ಸಿಕ್ಕಿತು ಅಂದರು. ಅದು ಇದ್ದದ್ದು ಎಷ್ಟೋ ದೂರದ ಲಿವರ್‌ಪೂಲ್‌ನಲ್ಲಿ. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟ ಕೆಲವೇ ಗಂಟೆಯಲ್ಲಿ ವಲಸೆ ಮಂತ್ರಿ ಕೆವಿನ್ ಆಂಡ್ರ್ಯೂಸ್ ವೀಸಾನೇ ರದ್ದು ಮಾಡಿದ. ನಡತೆ ಸರಿಯಿಲ್ಲ ಅಂತ ಕಾರಣ. ಆ ವರ್ಷದ ನವೆಂಬರಿನಲ್ಲಿ ಅಲ್ಲಿ ಚುನಾವಣೆ. ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು. ವೀಸಾ ರದ್ದು ಮಾಡಿದ್ದೂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಆಮೇಲೆ ಸರ್ಕಾರವೇ ಮಾಡಿಸಿದ ಕ್ಲಾರ್ಕ್ ವಿಚಾರಣೆಯಲ್ಲಿ ಅವನು ನಿರಪರಾಧಿ ಅಂತಲೇ ತೀರ್ಮಾನವಾಯಿತು. 2010ರಲ್ಲಿ ಪರಿಹಾರ ಕೊಟ್ಟರು. ಆ ಹುಡುಗ ಕೂಸು ನೋಡಿದ್ದು ತಿಂಗಳು ತಡವಾಗಿ.

ಶಿಷ್ಯೆ: ಅಲ್ಲಿ ಎರಡು ಕೆಲಸ ಆಗೈತೆ ಮೇಷ್ಟ್ರೇ, ನೀವು ಒಂದೇ ಗಂಟು ಕಟ್ತಿದೀರ. ಬಾಗಿಲಲ್ಲಿ ತಡೆದು ಕೇಳೋದು ನಮ್ಮಂಥವರ ಕೆಲಸ. ಹತ್ತು ನಿಮಿಷದ್ದು, ಒಂದು ದಿನದ್ದು ಅನ್ನಿ. ಆಮೇಲೆ ಹಿಡಿದಿಟ್ಟುಕೊಂಡದ್ದು ಮಂತ್ರಿ. ಅವನ ಪಾಪ ನಮ್ಮ ಬಾಗಿಲಿಗೆ ಯಾಕೆ ತರ್ತೀರ?

ಮೇಷ್ಟ್ರು: ನಿನ್ನ ಬಾಗಿಲು ಅವನಿಗೆ ದಾರಿ ಮಾಡಿಕೊಟ್ಟಿತು, ಅದಕ್ಕೆ. ನೀನು ಅನುಮಾನ ಪಟ್ಟು ನಿಲ್ಲಿಸಿದವನನ್ನ ಬಿಡಿಸೋಕೆ ಬೇರೆಯವರಿಗೆ ಧೈರ್ಯ ಬೇಕು. ತಡೆಯೋಕೆ ಬೇಡದ ಧೈರ್ಯ ಬಿಡೋಕೆ ಬೇಕು.

ಈ ಮಾತಿಗೆ ಅವಳು ಉತ್ತರ ಕೊಡಲಿಲ್ಲ. ಬುತ್ತಿ ಬಿಚ್ಚಿದಳು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಳ್ಳಕೆರೆಯಿಂದ ತಂದ ಶೇಂಗಾ ಹೋಳಿಗೆಯ ಒಂದು ಪೊಟ್ಟಣ. ಆ ಪೊಟ್ಟಣ ನೋಡಿ ಮೇಷ್ಟ್ರಿಗೆ ಏನೋ ನೆನಪಾಯಿತು. ಹೇಳಲೋ ಬೇಡವೋ ಎಂಬಂತೆ ಒಂದು ಕ್ಷಣ ತಡೆದು ಹೇಳಿದರು.

ಮೇಷ್ಟ್ರು: ನನ್ನ ಜೊತೆ ಪಾಠ ಮಾಡುತ್ತಿದ್ದ ಗಣಿತದ ಸಾಹೇಬರು ನೆನಪಿದ್ದಾರಾ?

ಶಿಷ್ಯೆ: ಅವರನ್ನ ಮರೆಯೋದುಂಟಾ. ಲೆಕ್ಕ ತಪ್ಪಿದ್ರೆ ಹೊಡೀತಿರಲಿಲ್ಲ, ಬೇಜಾರು ಮಾಡ್ಕೊಳ್ತಿದ್ರು. ಅದೇ ಜಾಸ್ತಿ ಉರೀತಿತ್ತು.

ಮೇಷ್ಟ್ರು: ಎರಡು ವರ್ಷದ ಹಿಂದೆ ಒಬ್ಬ ಹಳೇ ವಿದ್ಯಾರ್ಥಿಯ ಮದುವೆಗೆ ಇಬ್ಬರೂ ವಿಮಾನದಲ್ಲಿ ಹೋದೆವು. ಯಾವ ಊರಿನ ನಿಲ್ದಾಣ ಅಂತ ಹೇಳಲ್ಲ. ಇಬ್ಬರ ಚೀಲದಲ್ಲೂ ಇದೇ ಹೋಳಿಗೆ, ಒಂದೇ ಅಂಗಡಿಯದು, ಒಂದೇ ಅಳತೆ ಪೊಟ್ಟಣ. ನನ್ನ ಚೀಲ ಆ ಕಡೆ ಹೋಯಿತು. ಅವರದನ್ನ ಪಕ್ಕಕ್ಕೆ ತೆಗೆದರು. ಪೊಟ್ಟಣ ಬಿಚ್ಚಿದರು, ಹೋಳಿಗೆ ಒಂದೊಂದೇ ಎತ್ತಿ ನೋಡಿದರು. ಟಿಕೆಟ್ಟಿನಲ್ಲಿ ಹೆಸರು ನೋಡಿದರು. ಎಲ್ಲಿಂದ, ಎಲ್ಲಿಗೆ, ಯಾಕೆ. ನಾನು ಬೂಟು ಹಾಕಿಕೊಂಡು ಕಾದೆ. ಬಂದವರು ನನ್ನ ಮುಖ ನೋಡಲಿಲ್ಲ. ವಿಮಾನದಲ್ಲಿ ಕೂತ ಮೇಲೆ, "ಹೋಳಿಗೆ ಮುರಿದುಹೋಯ್ತು, ಮದುವೆ ಮನೆಗೆ ಹೇಗೆ ಕೊಡೋದು" ಅಂದರು. ಅಷ್ಟೇ. ಮೂವತ್ತು ವರ್ಷದ ಗೆಳೆತನದಲ್ಲಿ ನನಗೆ ಅಷ್ಟು ನಾಚಿಕೆ ಆದ ದಿನ ಇನ್ನೊಂದಿಲ್ಲ. ತಪ್ಪು ನಾನು ಮಾಡಿರಲಿಲ್ಲ, ಆದರೂ.

ಶಿಷ್ಯೆ: (ಸ್ವಲ್ಪ ತಡೆದು) ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಕ್ಸ್‌ರೇ ತೆರೆ ಮೇಲೆ ಕಬ್ಬಿಣ ನೀಲಿಯಾಗಿ ಕಾಣುತ್ತೆ. ತಿನ್ನೋ ಪದಾರ್ಥ, ಬಟ್ಟೆ, ಕಾಗದ ಕಿತ್ತಳೆ ಬಣ್ಣ. ಸಿಡಿಮದ್ದೂ ಬಹಳಷ್ಟು ಕಿತ್ತಳೆಯೇ. ಬೆಲ್ಲ, ಹೋಳಿಗೆ ಒತ್ತಾಗಿ ಅಡುಕಿಟ್ರೆ ದಪ್ಪ ಕಿತ್ತಳೆ ಗಟ್ಟಿ ಕಾಣುತ್ತೆ. ಪಕ್ಕದಲ್ಲಿ ಒಂದು ಚಾರ್ಜರ್ ವೈರು ಬಿದ್ದಿದ್ರೆ ತೆಗೀಲೇಬೇಕು. ನಿಮ್ಮ ಪೊಟ್ಟಣ ಅಡ್ಡ ಇತ್ತೋ, ಅವರದ್ದು ನೆಟ್ಟಗಿತ್ತೋ, ಯಾರು ಹೇಳೋಕಾಗುತ್ತೆ? ತೆರೆ ಮುಂದೆ ಕೂತವರನ್ನ ಇಪ್ಪತ್ತು ನಿಮಿಷಕ್ಕೆ ಎಬ್ಬಿಸ್ತಾರೆ, ಕಣ್ಣು ಸೋತುಹೋಗುತ್ತೆ ಅಂತ. ನಾವು ಮೈಮರೆಯಬಾರದು ಅಂತ ಯಂತ್ರವೇ ಆಗಾಗ ಸುಳ್ಳು ಬಾಂಬಿನ ಚಿತ್ರ ತೋರ್ಸುತ್ತೆ. ಅದನ್ನ ಹಿಡಿದ್ವಾ ಇಲ್ವಾ ಅಂತ ಲೆಕ್ಕ ಇಡುತ್ತೆ.

ಮೇಷ್ಟ್ರು: ಚೀಲಕ್ಕೆ ನಿನ್ನ ಉತ್ತರ ಸಿಕ್ಕಿತು. ಹೆಸರು ಯಾಕೆ ನೋಡಿದರು?

ಶಿಷ್ಯೆ: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ನಾನು ಅವಳ ಮುಖ ನೋಡಿದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಮೇಷ್ಟ್ರೂ ಅದನ್ನು ಗಮನಿಸಿದರೆಂದು ಕಾಣುತ್ತದೆ. ದನಿ ತಗ್ಗಿತು.

ಮೇಷ್ಟ್ರು: ಹೆಸರು ನೋಡಿದರೆ ಅಂಥವನು ಸಿಗುತ್ತಾನೆ ಅನ್ನೋದಾದರೂ ನಿಜವಾ? 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬಿದ್ದ ಚೀಲ ಸಿಕ್ಕಿತು. ಎರಡು ದಿನ ಯಾರು ಯಾರ ಮೇಲೋ ಬೆರಳು ಹೋಯಿತು. ಆಮೇಲೆ ಬೆಂಗಳೂರಿನಲ್ಲಿ ತಾನಾಗಿ ಬಂದು ಶರಣಾದವನು, ಕೆಲಸ ಸಿಗಲಿಲ್ಲ ಅನ್ನೋ ಸಿಟ್ಟು ಹೊತ್ತುಕೊಂಡಿದ್ದ ಓದಿದ ಹುಡುಗ. ಬೆರಳು ತೋರಿಸಿದವರು ಬೆರಳು ಮಡಿಚಿಕೊಂಡರು. ಕ್ಷಮೆ ಕೇಳಿದವರನ್ನ ನಾನು ಕಾಣಲಿಲ್ಲ.

ಶಿಷ್ಯೆ: ಆ ಚೀಲ ಕಂಡದ್ದು ನಮ್ಮ ಸಿಐಎಸ್‌ಎಫ್‌ನವರಿಗೆ ಮೇಷ್ಟ್ರೇ. ಹೆಸರು ನೋಡಿ ಅಲ್ಲ, ಯಾರೂ ಇಲ್ಲದ ಚೀಲ ಅಂತ. ಎತ್ತಿಕೊಂಡು ಹೋಗಿ ಬಯಲಲ್ಲಿ ಸಿಡಿಸಿದ್ರು, ಒಂದು ಜೀವ ಹೋಗಲಿಲ್ಲ. ನಾನು ಜಾತ್ರೆಯಲ್ಲಿ ನೆಲ ನೋಡ್ತಿದ್ದೆ ಅಂದ್ರೆ ಅದಕ್ಕೇ. ಅದೂ ಅಲ್ದೆ, 2024ರ ಮಾರ್ಚ್ 1ಕ್ಕೆ ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಇಟ್ಟದ್ದೂ ಚೀಲದಲ್ಲೇ. ಅಲ್ಲಿ ಯಾರ ಕಣ್ಣೂ ಅದರ ಮೇಲೆ ಬೀಳಲಿಲ್ಲ.

ಮೇಷ್ಟ್ರು: ಹೌದು, ನೀವು ವಿಮಾನ ನಿಲ್ದಾಣಕ್ಕೆ ಏಳು ಬಾಗಿಲು ಹಾಕಿದಿರಿ, ಅದು ದೋಸೆ ತಿನ್ನೋ ಜಾಗಕ್ಕೆ ಹೋಯಿತು. ಅಲ್ಲಿ ಹೊಗೆ ಆರೋದಕ್ಕೆ ಮೊದಲೇ ಪಕ್ಷಗಳು ಒಂದರ ಮೇಲೊಂದು ಬಿದ್ದವು. ನಾಳೆ ಹೋಟೆಲಿಗೂ ಬಾಗಿಲು ಹಾಕೋಣವಾ? ಮಾರಮ್ಮನ ಜಾತ್ರೆಗೂ?

ಶಿಷ್ಯೆ: ಎಲ್ಲಾ ಕಡೆ ಹಾಕೋಕೆ ಆಗಲ್ಲ ಅಂತ ಒಂದು ಕಡೆನೂ ಹಾಕಬಾರದಾ? ಎಂಟು ಊರಿಗೆ ವೈದ್ಯ ಇಲ್ಲ ಅಂತ ಒಂಬತ್ತನೇ ಊರಿನ ಆಸ್ಪತ್ರೆ ಮುಚ್ತೀವಾ? ವಿಮಾನ ಮೇಲೆ ಹೋದ್ಮೇಲೆ ಇಳಿಯೋ ಹಂಗಿಲ್ಲ, ಅದಕ್ಕೇ ಅಲ್ಲಿ ಬಿಗಿ. ನಮ್ಮ ವಿಮಾನ ಕದ್ದು ಕಂದಹಾರ್‌ಗೆ ಒಯ್ದದ್ದು 1999ರ ಡಿಸೆಂಬರಿನಲ್ಲಿ. ಅಲ್ಲೀವರೆಗೆ ವಿಮಾನ ನಿಲ್ದಾಣ ನೋಡ್ಕೊಳ್ತಿದ್ದದ್ದು ರಾಜ್ಯದ ಪೊಲೀಸ್ರು. 2000ದಲ್ಲಿ ಜೈಪುರದಿಂದ ಶುರುಮಾಡಿ ಸಿಐಎಸ್‌ಎಫ್‌ಗೆ ಕೊಟ್ರು. ಆಮೇಲೆ ಇಂಥ ನಿಲ್ದಾಣ ಯಾವುದರಿಂದಲೂ ವಿಮಾನ ಕದ್ದು ಕಂದಹಾರ್‌ಗೆ ಒಯ್ದಿದಾರಾ? ನಮ್ಮ ಕೆಲಸ ಸರಿ ಆದ್ರೆ ಏನೂ ಆಗಲ್ಲ. ಏನೂ ಆಗದೇ ಇರೋದನ್ನ ಯಾರಿಗೆ ತೋರ್ಸೋದು?

ಇದಕ್ಕೆ ಮೇಷ್ಟ್ರು ತಲೆದೂಗಿದರು. ನನಗೂ ಇದು ಅವಳ ಅತ್ಯಂತ ಗಟ್ಟಿ ಮಾತು ಅನ್ನಿಸಿತು. ಹಾಗಿದ್ದೂ ಆ ಮಾತೇ ಅಪಾಯದ್ದು ಕೂಡ. ಆಗದೇ ಉಳಿದದ್ದನ್ನು ಸಾಕ್ಷಿ ಮಾಡಿಕೊಂಡರೆ ಯಾವ ಗೋಡೆಗೂ ಸಮರ್ಥನೆ ಸಿಗುತ್ತದೆ. ಮೇಷ್ಟ್ರು ಗೋಡೆಗೇ ಬಂದರು.

ಮೇಷ್ಟ್ರು: ಸರಿ, ನಿನ್ನ ವಿಮಾನ ನಿಲ್ದಾಣ ಬಿಡೋಣ. ಅಲ್ಲಿ ಭದ್ರತೆಗೆ ಅಂತ ಕೊಡೋ ಬೆಲೆ ಅರ್ಧ ಗಂಟೆ. ಕೊಡೋನೂ ಪ್ರಯಾಣಿಕ, ಫಲ ಉಣ್ಣೋನೂ ಪ್ರಯಾಣಿಕ. ನಿಮ್ಮೂರಲ್ಲಿ ಅದೇ ಮಾತಿಗೆ ಕೊಟ್ಟ ಬೆಲೆ ಏನು? ಅಮೃತ ಮಹಲ್ ಕಾವಲು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500, ಇಸ್ರೋಗೆ 573. ಕೊಟ್ಟದ್ದು ಊರಿನವರಿಗೆ ಗೊತ್ತಾದದ್ದು ಗೋಡೆ ಏಳುವಾಗ.

ಶಿಷ್ಯೆ: ಅದನ್ನ ನನಗೆ ಹೇಳಬೇಕಾ ಮೇಷ್ಟ್ರೇ? ನಾನಾಗ ಶಾಲೆ ಹುಡುಗಿ. ಅಪ್ಪ ಕುರಿ ಹೊಡ್ಕೊಂಡು ಹೋಗಿ, ಮಧ್ಯಾಹ್ನಕ್ಕೇ ವಾಪಸ್ ಬಂದ. ದಾರಿ ಇಲ್ಲ ಅಂದ. ನಮ್ಮಪ್ಪ ಅಷ್ಟು ಚಿಕ್ಕ ಮಾತಾಡಿದ್ದು ನಾನು ಕೇಳೇ ಇರಲಿಲ್ಲ. ಆಮೇಲೆ ಎರಡು ವರ್ಷಕ್ಕೆ ಅರ್ಧ ಮಂದೆ ಮಾರಿದ.

ಮೇಷ್ಟ್ರು: ಆ ನೆಲದ ಹೆಸರೇ ಕಾವಲು ಕಣಮ್ಮ. ಹುಲ್ಲನ್ನ ಕಾಯೋ ನೆಲ. ಈಗ ಹುಲ್ಲು ತಿನ್ನೋರಿಂದ ನೆಲ ಕಾಯೋಕೆ ಕಾವಲು. ಕೃಷ್ಣಮೃಗ ಇತ್ತು, ಎರ್ಲಡ್ಡು ಹಕ್ಕಿ ಕಂಡವರಿದ್ದರು. ಹಸಿರು ನ್ಯಾಯಮಂಡಳಿಗೆ ಹೋದರು. 2014ರ ಆಗಸ್ಟಿನಲ್ಲಿ ಷರತ್ತು ಹಾಕಿ ಕೆಲಸ ನಡೀಲಿ ಅಂತ ತೀರ್ಪು ಬಂತು. ದೇಶದ ರಕ್ಷಣೆ ಅಂದ ಮೇಲೆ ಕುರಿ ಪರವಾಗಿ ಎಷ್ಟು ಜೋರಾಗಿ ಕೂಗೋಕೆ ಆಗುತ್ತೆ? ನೀನು ಹೇಳಿದೆಯಲ್ಲ, ತಡೆದವನನ್ನ ಯಾರೂ ಕೇಳಲ್ಲ ಅಂತ. ಒಂದು ಎಕರೆ ಹೆಚ್ಚಿಗೆ ತಗೊಂಡವನನ್ನೂ ಯಾರೂ ಕೇಳಲ್ಲ. ಒಂದು ಎಕರೆ ಕಮ್ಮಿ ಆಯಿತು ಅಂತ ನಾಳೆ ಯಾರಾದರೂ ಅಂದರೆ ಅನ್ನೋ ಅಂಜಿಕೆ.

ಶಿಷ್ಯೆ: ಮೇಷ್ಟ್ರೇ, ನೀವೇ ಪಾಠ ಮಾಡಿದ್ದು ಹೇಳಲಾ? ಅಮೃತ ಮಹಲ್ ದನ ಯಾಕೆ ಸಾಕಿದ್ದು?

ಮೇಷ್ಟ್ರು: (ನಕ್ಕು) ಹೇಳು.

ಶಿಷ್ಯೆ: ಸೈನ್ಯಕ್ಕೆ. ಮೈಸೂರು ಅರಸರು, ಹೈದರಾಲಿ, ಟಿಪ್ಪು, ಎಲ್ಲರೂ ಫಿರಂಗಿ ಎಳೆಯೋಕೆ, ದಿನಸಿ ಹೊರೋಕೆ ಆ ಎತ್ತು ಸಾಕಿದ್ರು. ಅಮೃತ ಮಹಲ್ ಅಂತ ಹೆಸರಿಟ್ಟದ್ದೇ ಟಿಪ್ಪು. ಅಂದ್ರೆ ಕಾವಲು ಮೊದಲಿಂದ್ಲೂ ರಕ್ಷಣಾ ಇಲಾಖೆ ನೆಲವೇ. ಆಗ ಎತ್ತು, ಈಗ ವಿಮಾನ. 2017ರ ಮೇನಲ್ಲಿ ಆಗಿನ ರಕ್ಷಣಾ ಮಂತ್ರಿ ಅರುಣ್ ಜೇಟ್ಲಿ ಬಂದು ಅಲ್ಲಿನ ರನ್‌ವೇ ಉದ್ಘಾಟನೆ ಮಾಡಿದ್ರು. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ಹೆಲಿಕಾಪ್ಟರಲ್ಲಿ ಎತ್ತಿ ನಾಲ್ಕೂವರೆ ಕಿಲೋಮೀಟರ್ ಮೇಲಿಂದ ಬಿಟ್ಟ ನೌಕೆ, ಯಾರೂ ನಡೆಸದೆ, ತಾನೇ ಬಂದು ನಮ್ಮ ಕಾವಲಲ್ಲಿ ಇಳೀತು. ಆ ಸುದ್ದಿಯಲ್ಲಿ ಚಳ್ಳಕೆರೆ ಹೆಸರು ಕೇಳಿದಾಗ ನಮ್ಮ ಬ್ಯಾರಕ್ಕಿನಲ್ಲಿ ನಾನು ಎದ್ದು ನಿಂತು ನಮ್ಮೂರು ಅಂದೆ. ಅದೂ ಸುಳ್ಳಲ್ಲ.

ಮೇಷ್ಟ್ರು: ಸುಳ್ಳಲ್ಲ, ಹೆಮ್ಮೆ ಪಡು. ಆದರೆ ಅರಸರ ಎತ್ತು ಮೇದ ಮೇಲೂ ನಿಮ್ಮ ಕುರಿಗೆ ಹುಲ್ಲು ಮಿಗುತ್ತಿತ್ತು. ಅದೇ ನೆಲದಲ್ಲಿ ಸೈನ್ಯವೂ ಬದುಕಿತು, ಮ್ಯಾಸಬೇಡರ ದೇವರ ಎತ್ತೂ ಬದುಕಿತು, ಕಂಬಳಿ ನೇಯೋರೂ ಬದುಕಿದರು. ಗೋಡೆಗೆ ಹಾಗೆ ಮಿಗಿಸೋದು ಗೊತ್ತಿಲ್ಲ. ಆ ಕಡೆ ಹಾರಿಸಿದ ಡ್ರೋನು ಮಾತ್ರ ಗೋಡೆ ಈಚೆಗೂ ಬರುತ್ತೆ. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಹೊಲಕ್ಕೆ ಒಂದು ಬಿತ್ತು. 2023ರಲ್ಲಿ ಹಿರಿಯೂರು ಕಡೆ ಇನ್ನೊಂದು. ಜನ ಹೆದರಲಿಲ್ಲ, ನೋಡೋಕೆ ಓಡಿದರು. ಊರಿನವರಿಗೆ ಇರೋ ಆ ನಂಬಿಕೆ ಗೋಡೆ ಕಟ್ಟಿದವರಿಗೆ ಊರಿನವರ ಮೇಲೆ ಇಲ್ಲ.

ಶಿಷ್ಯೆ: ನಂಬಿಕೆ ಮೇಲೆ ಬಿಟ್ಟದ್ದಕ್ಕೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಏನಾಯ್ತು? 2005ರ ಡಿಸೆಂಬರ್ 28. ಸಮ್ಮೇಳನ ಮುಗಿಸಿ ಹೊರಗೆ ಬರ್ತಿದ್ದವರ ಮೇಲೆ ಗುಂಡು ಹಾರ್ಸಿದ್ರು. ದೆಹಲಿಯಿಂದ ಬಂದಿದ್ದ ಗಣಿತದ ಪ್ರಾಧ್ಯಾಪಕರು, ಎಂ.ಸಿ. ಪುರಿ, ತೀರ್ಕೊಂಡ್ರು. ಅವತ್ತಿನವರೆಗೆ ಆ ಆವರಣಕ್ಕೆ ಯಾರು ಬೇಕಾದ್ರೂ ಹೋಗಿ ಬರ್ತಿದ್ರಂತೆ. ಅದೇ ಸಂಸ್ಥೆ ಕುದಾಪುರಕ್ಕೆ ಬಂದಾಗ ಗೋಡೆ ಮೊದಲು ಕಟ್ಟಿದ್ರೆ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ನಮ್ಮಪ್ಪನ ಮಂದೆ ನೆನೆಸ್ಕೊಂಡ್ರೆ ಸರಿ ಅನ್ನೋಕೂ ಬಾಯಿ ಬರಲ್ಲ.

ಇಷ್ಟು ಹೇಳಿ ಅವಳು ಎದ್ದು ಬಂಡೆಯ ಕಡೆ ನಡೆದಳು. ನಾವೂ ಹಿಂದೆ ಹೋದೆವು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನ. ಇಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ, ಹೀಗೆ ಹತ್ತಿರ ಹತ್ತಿರ ಮೂರು ಕಡೆ ಅದೇ ಆಜ್ಞೆಯನ್ನು ಕೊರೆಸಿದ್ದಾರೆ. ಚಪಡ ಎಂಬ ಲಿಪಿಕಾರ ಕೊನೆಗೆ ಒಂದು ಪದವನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಂದಲೋ ಬಂದವನು ಇಲ್ಲಿಯ ಕಲ್ಲಿನ ಮೇಲೆ ತನ್ನ ಊರಿನ ಗುರುತು ಬಿಟ್ಟುಹೋದ.

ಮೇಷ್ಟ್ರು: ಇದರಲ್ಲಿ ಮೊದಲು ಏನಿದೆ ಅಂತ ನೆನಪಿದೆಯಾ?

ಶಿಷ್ಯೆ: ಸುವರ್ಣಗಿರಿಯ ರಾಜಕುಮಾರ, ಅಧಿಕಾರಿಗಳು ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸಿರೋದು. ಆಮೇಲೆ ಆಜ್ಞೆ. ತಂದೆತಾಯಿ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ, ಸತ್ಯ ಹೇಳಬೇಕು, ಶಿಷ್ಯರು ಗುರುವಿಗೆ ಗೌರವ ಕೊಡಬೇಕು. ಕೊನೇದನ್ನ ನೀವು ಎರಡು ಸಲ ಓದಿಸ್ತಿದ್ರಿ.

ಮೇಷ್ಟ್ರು: ಕ್ಷೇಮ ಕೇಳಿ ಆಮೇಲೆ ಆಜ್ಞೆ. ಅಧಿಕಾರ ಮಾತಾಡಬೇಕಾದ ಕ್ರಮ ಅದು. ಉಳ್ಳಾರ್ತಿಗೆ ಯಾರಾದರೂ ಬಂದು ಕ್ಷೇಮ ಕೇಳಿದ್ದರೆ ನಿಮ್ಮಪ್ಪನೇ ಎಷ್ಟೋ ಎಕರೆ ಬಿಟ್ಟುಕೊಡುತ್ತಿದ್ದ.

ಶಿಷ್ಯೆ: ಅಶೋಕನಿಗೂ ಗಡಿಯಲ್ಲಿ ಸೈನ್ಯ ಇತ್ತು ಮೇಷ್ಟ್ರೇ. ಕಲ್ಲಲ್ಲಿ ಬರೆಸಿಲ್ಲ ಅಷ್ಟೇ. ನೀವು ಅಶೋಕನ ಹೇಳ್ತೀರ, ನನಗೆ ಡ್ಯೂಟಿಯಲ್ಲಿ ನೆನಪಾಗೋಳು ಚಿತ್ರದುರ್ಗದ ಓಬವ್ವ. ಕಾವಲಿಗಿದ್ದ ಗಂಡ ಊಟಕ್ಕೆ ಬಂದಾಗ ಕೋಟೆ ಕಿಂಡಿ ಹತ್ರ ನಿಂತೋಳು. ಅವಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ತಲೆ ಕಂಡ ಕೂಡಲೇ ಒನಕೆ ಎತ್ತಿದಳು. ಹೆಸರು ಕೇಳ್ತಾ ಕೂತಿದ್ರೆ?

ಮೇಷ್ಟ್ರು: ಆ ಕಿಂಡಿ ಹೈದರಾಲಿ ಕಡೆಯವರಿಗೆ ಗೊತ್ತಾದದ್ದು ಹೇಗೆ?

ಶಿಷ್ಯೆ: ಮೊಸರು ಮಾರೋ ಹೆಂಗಸು ಅಲ್ಲಿಂದ ಓಡಾಡೋದನ್ನ ನೋಡಿ. ಜನ ಹಂಗೇ ಹೇಳ್ತಾರೆ.

ಮೇಷ್ಟ್ರು: ಅವಳಿಗೆ ಅದು ಕಿಂಡಿ ಅಲ್ಲ, ದಾರಿ. ದಿನಾ ಮಡಿಕೆ ಹೊತ್ತುಕೊಂಡು ಬರೋ ದಾರಿ. ಅವತ್ತಿನ ಮೇಲೆ ಆ ಹೆಂಗಸು ಏನಾದಳು ಅಂತ ಯಾವ ಲಾವಣಿಯಲ್ಲೂ ನಾನು ಕೇಳಿಲ್ಲ. ಓಬವ್ವನ ಒನಕೆಗೆ ನಾನು ಕೈ ಮುಗಿತೀನಿ. ಆ ಮೊಸರಿನವಳ ಮಾತು ಯಾರಾದರೂ ಆಡಲಿ ಅಂತಲೂ ಕೇಳ್ತೀನಿ. ಕಿಂಡಿಗೆ ಕಲ್ಲು ಜಡಿದರೆ ಅವಳು ಹಸಿದಳು. ತೆರೆದಿಟ್ಟರೆ ಕೋಟೆ ಹೋಯಿತು. 1779ರಲ್ಲಿ ಕೋಟೆಯೂ ಹೋಯಿತು ಅನ್ನು.

ಶಿಷ್ಯೆ: ಕಲ್ಲು ಜಡೀಬೇಡಿ ಅಂತಾನೇ ನಾನೂ ಹೇಳೋದು. ಅದಕ್ಕೇ ಅಲ್ವಾ ಅಲ್ಲಿ ಒಬ್ಬಳನ್ನ ನಿಲ್ಸೋದು? ಮೊಸರಿನವಳು ಯಾರು, ಸಿಪಾಯಿ ಯಾರು ಅಂತ ನೋಡೋಕೆ. ಗೋಡೆಗೆ ಕಣ್ಣಿಲ್ಲ, ನನಗೈತೆ.

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಹೊತ್ತು ಇಳಿಯುತ್ತಿತ್ತು. ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಅವಳ ಶಿಫ್ಟು. ಚಳ್ಳಕೆರೆ ತಲುಪಿ ಅಲ್ಲಿಂದ ರಾತ್ರಿಯೊಳಗೆ ಬೆಂಗಳೂರು ಸೇರಬೇಕಿತ್ತು. ರಸ್ತೆಗೆ ಬಂದು ಬಸ್ಸಿಗೆ ಕಾದು ನಿಂತೆವು. ಬಹಳ ಹೊತ್ತಾದ ಮೇಲೆ ಅವಳೇ ಮಾತು ತೆಗೆದಳು.

ಶಿಷ್ಯೆ: ಸಾಹೇಬ್ರು ಆಮೇಲೆ ವಿಮಾನ ಹತ್ತಿದ್ರಾ?

ಮೇಷ್ಟ್ರು: ಇಲ್ಲ. ಮುಂದಿನ ತಿಂಗಳು ಹೋಗ್ತಾರೆ. ಮಗಳ ಮನೆಗೆ, ಹೆಂಡತಿ ಜೊತೆ. ಬೆಂಗಳೂರಿನಿಂದಲೇ.

ಶಿಷ್ಯೆ: ಯಾವ ದಿನ? ಎಷ್ಟು ಗಂಟೆಗೆ?

ಮೇಷ್ಟ್ರು: ಹೇಳಿದರೆ ಏನು ಮಾಡ್ತೀಯ? ನೋಡದೆ ಬಿಡ್ತೀಯಾ?

ಶಿಷ್ಯೆ: ಬಿಡಲ್ಲ. ಅಮ್ಮೋರು ನನ್ನ ಪರದೆಗೆ ಬಂದ್ರೆ ಎಲ್ಲರನ್ನ ನೋಡ್ದಂಗೆ ನೋಡ್ತೀನಿ. ಕೈಯೆತ್ತಿ ಅಂತೀನಿ. ಆದ್ರೆ ಸಾಹೇಬ್ರ ಮನೆಯವ್ರು ಅಂತ ಗೊತ್ತಿರುತ್ತೆ.

ಮೇಷ್ಟ್ರು: ಹಾಗಾದರೆ ಹೇಳಲ್ಲ ಕಣಮ್ಮ. ಗೊತ್ತಿಲ್ಲದೆ ನೋಡು.

ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತವಳು, ಬಸ್ಸು ಅಲುಗಿದ ಮೇಲೆ ತಲೆ ಹೊರಗೆ ಹಾಕಿ ಕೂಗಿದಳು: "ಶೇಂಗಾ ಎಣ್ಣೆ ಬಾಟ್ಲು ಕೈಚೀಲದಾಗೆ ಇಟ್ಕೋಬೇಡಿ ಅಂತ ಸಾಹೇಬ್ರಿಗೆ ಹೇಳಿ. ಹೋಳಿಗೆನ ಒಂದರ ಪಕ್ಕ ಒಂದು, ಬಿಡಿಸಿ ಇಡೋಕೆ ಹೇಳಿ."